ಸಿಂಗಾಪುರದ ನೂಡಲ್ಸೂ ಅಜ್ಜಿಯ ಸೇಮಗೆ ಮುಟ್ಟೂ



ಮಾಂಬಳದ ಬಗ್ಗೆ ಬರದ ಮತ್ತೆ ಸುಮಾರು ಜೆನ ಫೋನು ಮಾಡಿ, "ಸಿಂಗಾಪುರಕ್ಕೆ ಹೋಗಿ ಬಂದಿ, ಆ ಶುದ್ದಿ ಏವಗ ಬರವದು?" ಹೇಳಿ ಕೇಳಿದವು. ನೋಡಿದ ಜಾಗೆಗಳ ಪಟ್ಟಿ ಮಾಡ್ಲೆ ಎನಗೆ ಬತ್ತಿಲ್ಲೆ. ಅಲ್ಲಿ ಒಂದು ಮಧ್ಯಾಹ್ನ ತಿಂದ ಒಂದು ಬಟ್ಲು ನೂಡಲ್ಸಿನ ಶುದ್ದಿ ಹೇಳ್ತೆ. ಅದರ ಹಿಂದಂದಲೇ ಸುಳ್ಯದ ಹೊಡೆಲಿಪ್ಪ ಎಂಗಳ ಅಜ್ಜನಮನೆಯ ಒಂದು ಕತೆಯೂ ಬತ್ತು. ಎಪ್ಪತ್ತು ಒರಿಶ ಆತು, ಅದರ ಆರೂ ಹೆರ ಹೇಳಿದ್ದವಿಲ್ಲೆ. ಅಬ್ಬೆಯ ಹತ್ತರೆ ಕೇಳಿ, "ಅಕ್ಕು, ಬರೆ" ಹೇಳಿದ ಮತ್ತೆಯೇ ಬರವದು.

ಮಗಳೂ ಅಳಿಯನೂ ಸಿಂಗಾಪುರಲ್ಲಿ ಕೆಲಸಲ್ಲಿಪ್ಪದು ನಿಂಗೊಗೆ ಗೊಂತಿದ್ದು. ಒಂದು ಆಯಿತ್ಯವಾರ ಎನ್ನ ಮರೀನಾ ಬೇ ಸ್ಯಾಂಡ್ಸ್ ಹೇಳುವಲ್ಲಿಗೆ ಕರಕ್ಕೊಂಡು ಹೋದವು. 55 ಮಾಳಿಗೆಯ ಮೂರು ಕಟ್ಟೋಣ, ಮೂರರ ತಲೆ ಮೇಲೆ ಅಡ್ಡಕ್ಕೆ ಒಂದು ದೊಡ್ಡ ದೋಣಿ ಮಡಗಿದ ಹಾಂಗೆ. ಚಿತ್ರಲ್ಲಿ ನಿಂಗಳೂ ನೋಡಿಕ್ಕು. ಒರಗುವ ಹೋಟೆಲು, ಅಂಗಡಿಗೊ, ತಿಂಬ ಜಾಗೆಗೊ ಎಲ್ಲ ಒಂದೇ ಕಡೆ. ಅಲ್ಲೇ ಕ್ಯಾಸಿನೋವೂ ಇದ್ದು. ಕ್ಯಾಸಿನೋ ಹೇಳಿರೆ ಎಂತ? ನಮ್ಮ ಜಾತ್ರೆ ಗೆದ್ದೆಯ ಕರೆಲಿ ಲಾಟಾನಿನ ಬೆಣಚ್ಚಿಲಿ ನೆಡಕ್ಕೊಂಡಿದ್ದ ಜುಗಾರಿಯೇ. ಇಲ್ಲಿ ಎ.ಸಿ. ಇದ್ದು, ಸರಕಾರದ ಒಪ್ಪಿಗೆ ಇದ್ದು, ಅಷ್ಟೇ.

ಎಂಗೊ ಹೋದ್ದು ನೂಡಲ್ಸಿನ ಹೋಟೆಲಿಂಗೆ. ದೊಡ್ಡ ಗತ್ತಿನದ್ದಲ್ಲ. ಮಕ್ಕೊ ಮರಿ ಕಟ್ಟಿಗೊಂಡು ಬಂದವು, ಚೀಲ ಕೆಳ ಮಡಗಿ ಬೇಗ ತಿಂದು ಹೋಪವು, ಅಂಥಾದ್ದು. ಚಾತುರ್ಮಾಸ ಆದ ಕಾರಣ ಎನಗೆ ನೀರುಳ್ಳಿ ಬೆಳ್ಳುಳ್ಳಿ ಆಗ. ಮೊಟ್ಟೆ ಏವಗಳೂ ಆಗ. ಇಷ್ಟೆಲ್ಲ ಹೇಳಿರೆ ಅವು ನೆಗೆ ಮಾಡುಗೋ ಹೇಳಿ ಎನಗೆ ನಾಚಿಕೆ. ಮಗಳು ಹೇಳಿಯಪ್ಪಗ ಆ ಚೀನೀ ಕೂಸು ಒಂದು ಚೂರೂ ಮೋರೆ ಪೀಂಟುಸದ್ದೆ ತಲೆ ಆಡ್ಸಿತ್ತು. ಚೀನೀಯರಲ್ಲಿ ಬೌದ್ಧ ವ್ರತದ ಸಸ್ಯಾಹಾರಿಗೊ ನೀರುಳ್ಳಿಯನ್ನೂ ಬೆಳ್ಳುಳ್ಳಿಯನ್ನೂ ಬಿಡ್ತವಡ. ನಮ್ಮ ಜೆಂಬ್ರದ ಅಡಿಗೆಯ ಕ್ರಮವೇ! ಮೊಟ್ಟೆ ಇಪ್ಪ ಗೋಧಿ ನೂಡಲ್ಸು ಬೇಡ, ಅಕ್ಕಿದು ಕೊಡ್ತೆ ಹೇಳಿ ಅದುವೇ ಹೇಳಿತ್ತು.

ಬಟ್ಲು ಬಂತು. ಹಬೆ ಏಳ್ತಾ ಇದ್ದು. ಅಣಬೆ, ಹಸಿರು ಸೊಪ್ಪು, ಸೋಯಾದ ಪನೀರಿನ ಹಾಂಗಿಪ್ಪ ತುಂಡುಗೊ, ಕೆಳ ಬೆಳೀ ಎಸಳು ಎಸಳು. ಬಾಯಿಗೆ ಹಾಕಿದೆ. ಹಾಕಿಯಪ್ಪಗ ಎಂತ ಹೇಳಿದೆ ಗೊಂತಿದ್ದಾ? "ಕೂಸೇ, ಇದು ನಮ್ಮ ಸೇಮಗೆ ಅಲ್ದಾ!"

ಮಗಳಿಂಗೆ ನೆಗೆ. ಊರಿಂಗೆ ಬಂದ ಮತ್ತೆ ಪುಸ್ತಕ ಹುಡ್ಕಿ, ಭಾವನ ಹತ್ತರೆ ಕೇಳಿ ತಿಳ್ಕೊಂಡದರ ಹೇಳ್ತೆ. ಎನ್ನ ಮಾತು ಪೂರ ಹುಚ್ಚು ಅಲ್ಲ.

2005ರಲ್ಲಿ ಚೀನಾದ ಲಾಜಿಯಾ ಹೇಳುವಲ್ಲಿ ಮಣ್ಣು ಒಕ್ಕುವಗ ಕವುಂಚಿ ಬಿದ್ದ ಒಂದು ಮಣ್ಣಿನ ಬಟ್ಲಿನ ಅಡಿಲಿ ನೂಡಲ್ಸು ಸಿಕ್ಕಿದ ಶುದ್ದಿ ಬಂತು. ಸುಮಾರು 4000 ಒರಿಶ ಹಳತ್ತು. ಗೋಧಿದಲ್ಲ, ನವಣೆಯ ಹಾಂಗಿಪ್ಪ ಸಿರಿಧಾನ್ಯದ್ದು. ಗೋಧಿ ಹಿಟ್ಟಿಂಗೆ ಅಂಟು ಇದ್ದು, ನಾದಿ ಎಳದರೆ ನೂಲಿನ ಹಾಂಗೆ ಉದ್ದ ಬತ್ತು. ಅಕ್ಕಿಗೆ ಆ ಅಂಟಿಲ್ಲೆ, ಎಳದರೆ ತುಂಡಪ್ಪದೇ. ಹಾಂಗಾಗಿ ಅಕ್ಕಿಯ ನೂಲು ಮಾಡೆಕ್ಕಾರೆ ಹಿಟ್ಟಿನ ಬೇಶಿ, ಒಟ್ಟೆಲಿ ಒತ್ತಿಯೇ ಆಯೆಕ್ಕು. ಆರನೇ ಶತಮಾನಲ್ಲಿ ಜಿಯಾ ಸಿಶೀ ಹೇಳುವ ಚೀನೀಯ° ಬರದ ಕೃಷಿ ಪುಸ್ತಕಲ್ಲಿ, ಕೊಂಬಿನ ತುಂಡಿಂಗೆ ಸಣ್ಣ ಸಣ್ಣ ಒಟ್ಟೆ ಕೊರದು, ಅದರ ವಸ್ತ್ರಕ್ಕೆ ಹೊಲುದು, ಹಿಟ್ಟಿನ ಹಿಂಡಿ ಕೊದಿವ ನೀರಿಂಗೆ ಬಿಡುವ ಕ್ರಮ ಇದ್ದು.

ನಮ್ಮಲ್ಲಿಯೂ ಇದು ನಿನ್ನೆ ಮೊನ್ನೆಯಾಣದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲಲ್ಲಿ, 1025ರ ಹೊತ್ತಿಂಗೆ, ಇಮ್ಮಡಿ ಚಾವುಂಡರಾಯ ಕನ್ನಡಲ್ಲಿ 'ಲೋಕೋಪಕಾರ' ಹೇಳುವ ಪುಸ್ತಕ ಬರದ್ದ°. ಬಾವಿಗೆ ನೀರು ನೋಡುದು, ಮರಂಗೊಕ್ಕೆ ಮದ್ದು ಮಾಡುದು, ಅಡಿಗೆ, ಹೀಂಗೆ ಮನೆವಾರ್ತೆಯ ವಿಷಯಂಗೊ ಅದರಲ್ಲಿಪ್ಪದು. ಶ್ಯಾವಿಗೆ ಮಾಡುವ ಕ್ರಮವೂ ಅದರ ಒತ್ತುವ ಅಚ್ಚೂ ಅದರಲ್ಲಿ ಬತ್ತು. ಸಾವಿರ ಒರಿಶ ಆತು ಅಕ್ಕಂದ್ರೇ, ಕನ್ನಡಲ್ಲಿ ಸೇಮಗೆ ಬರವಣಿಗೆಗೆ ಬಂದು! ಸುಳ್ಯಂದ ಘಾಟಿ ಹತ್ತಿರೆ ಕೊಡಗಿಲ್ಲಿ ಅದುವೇ ನೂಲ್ ಪುಟ್ಟು. ಕೇರಳಲ್ಲಿ ಇಡಿಯಪ್ಪ. ತಮಿಳರು ಅದರ ಹಡಗು ಹತ್ತುಸಿ ಸಿಂಗಾಪುರಕ್ಕೂ ಕೊಂಡೋಗಿದ್ದವು. ಅಲ್ಲಿ ಅದರ ಹೆಸರು 'ಪುಟು ಮಾಯಂ'. ಲಿಟ್ಲ್ ಇಂಡಿಯಾಲ್ಲಿ ಕಾಯಿ ತುರುದು, ಸಕ್ಕರೆ ಉದುರ್ಸಿ ಕೊಡ್ತವು. ಎಂಗಳ ಕಾಯಿಹಾಲು ಬೆಲ್ಲದ ರಸಾಯನ ಒಂದು ಇಲ್ಲೆ, ಅಷ್ಟೇ ಕಮ್ಮಿ.

ಈಗ ಜುಗಾರಿಯ ಹೊಡೆಂಗೆ ಬತ್ತೆ. ನೂಡಲ್ಸಿಂಗೂ ಅದಕ್ಕೂ ಆ ಊರಿಲ್ಲಿ ಹಳೇ ಸಂಬಂಧ ಇದ್ದು.

1819ರಲ್ಲಿ ಬ್ರಿಟಿಷರು ಸಿಂಗಾಪುರಲ್ಲಿ ಬಂದರು ಕಟ್ಲೆ ಸುರು ಮಾಡಿದವು. ಚೀನಾದ ತೆಂಕ ಹೊಡೆಯ ಬಡವು ಕೂಲಿಗೆ ಬಂದವು. ಮನೆ ಇಲ್ಲೆ, ಒಲೆ ಇಲ್ಲೆ, ಹೆಂಡತ್ತಿ ಮಕ್ಕೊ ಊರಿಲ್ಲಿ. ಹೆಗಲಿಲ್ಲಿ ಅಡ್ಡೆಯ ಹಾಂಗೆ ಒಂದು ಕೋಲು, ಒಂದು ಹೊಡೆಲಿ ಒಲೆ, ಇನ್ನೊಂದು ಹೊಡೆಲಿ ಬಟ್ಲುಗೊ, ಹಾಂಗೆ ಮಾರಿಗೊಂಡು ಬಪ್ಪವರ ಕೈಂದ ಒಂದು ಬಟ್ಲು ನೂಡಲ್ಸು ತಿಂದರೆ ಅದುವೇ ಊಟ. ಆಡಳಿತ ನೆಡೆಶುಲೆ ಪೈಸೆ ಸಾಲದ್ದೆ ಅಪ್ಪಗ ಅಲ್ಲಿಯಾಣ ಅಧಿಕಾರಿ ಫರ್ಕ್ವಾರ್ 1820ರಲ್ಲಿ ಜುಗಾರಿ ಕಟ್ಟೆಯ ಗುತ್ತಿಗೆಗೆ ಕೊಟ್ಟ°. ರಾಫಲ್ಸ್ ಬಂದು 1823ರಲ್ಲಿ ನಿಲ್ಸಿದ°, ಮತ್ತಾಣವು ಪುನಾ ಸುರು ಮಾಡಿದವು, ಕಡೇಂಗೆ 1829ರಲ್ಲಿ ಆ ಗುತ್ತಿಗೆ ನಿಂತತ್ತು. ಗುತ್ತಿಗೆ ನಿಂತರೂ ಕದ್ದು ಆಡುದು ನಿಂತಿದಿಲ್ಲೆ. ಹಗಲು ಬೆನ್ನು ಮುರಿವಷ್ಟು ಮೂಟೆ ಹೊತ್ತು ತಂದ ಪೈಸೆ ಇರುಳು ಹಾಳು. ಊರಿಲ್ಲಿ ಕಾದುಗೊಂಡಿಪ್ಪ ಹೆಂಡತ್ತಿಗೆ ಎಂತ ಎತ್ತುಗು?

ಅದೇ ಊರು 2005ರಲ್ಲಿ ಕ್ಯಾಸಿನೋ ಆಯೆಕ್ಕು ಹೇಳಿ ತೀರ್ಮಾನ ಮಾಡಿತ್ತು. ಆರ್ಥಿಕಕ್ಕೆ, ಪ್ರವಾಸಿಗೊಕ್ಕೆ, ಕೆಲಸಕ್ಕೆ ಹೇಳಿ. ಜೆನಂಗಳ ಮಧ್ಯಲ್ಲಿ ಭಾರೀ ಚರ್ಚೆ ಆತಡ. 2010ರಲ್ಲಿ ಎರಡು ಕಡೆ ಬಾಗಿಲು ತೆಗದವು. ಆದರೆ ತಮ್ಮ ಊರಿನವು ಹಾಳಪ್ಪಲಾಗ ಹೇಳಿ ಒಂದು ಕಟ್ಟು ಮಡಗಿದವು. ನವಗೆ ಪಾಸ್‌ಪೋರ್ಟು ತೋರ್ಸಿರೆ ಧರ್ಮಕ್ಕೆ ಒಳ ಹೋಪಲಕ್ಕು. ಸಿಂಗಾಪುರದವಕ್ಕೆ ಒಂದು ದಿನಕ್ಕೆ 100 ಡಾಲರು ಕಟ್ಟೆಕ್ಕಾತು, 2019ರಿಂದ ಅದು 150 ಆತು. ಗೆದ್ದರೂ ಸೋತರೂ ಆ ಪೈಸೆ ವಾಪಾಸು ಇಲ್ಲೆ.

ಅದರಿಂದ ದೊಡ್ಡದು ಇನ್ನೊಂದು. 2006ರ ಅವರ ಕಾನೂನಿಲ್ಲಿ, ಮನೆಯವು ಅರ್ಜಿ ಕೊಡ್ಲಕ್ಕು. ಗೆಂಡ° ಜುಗಾರಿಲಿ ಮನೆ ಹಾಳು ಮಾಡ್ತಾ ಇದ್ದರೆ ಹೆಂಡತ್ತಿ, ಅಪ್ಪ° ಮಾಡ್ತಾ ಇದ್ದರೆ ಮಕ್ಕೊ, "ಇವರ ಒಳ ಬಿಡೆಡಿ" ಹೇಳಿ ಕೇಳ್ಲಕ್ಕು. ವಿಚಾರ್ಸಿ ಅಪ್ಪು ಹೇಳಿ ಕಂಡರೆ, ಮತ್ತೆ ಬಾಗಿಲಿಲ್ಲೇ ತಡೆತ್ತವು.

ಮಗಳು ಇದರ ಹೇಳುವಗ ಎನ್ನ ಕೈಲಿತ್ತ ಚಮಚ ನಿಂದತ್ತು. ಎನಗೆ ಅಜ್ಜಿಯ ನೆಂಪಾತು.

ಎಂಗೊ ಸಣ್ಣ ಇಪ್ಪಗ ಬೇಸಗೆ ರಜೆಲಿ ಅಜ್ಜನಮನೆಗೆ ಹೋದರೆ ಅಜ್ಜಿಯ ಸೇಮಗೆ ಇಲ್ಲದ್ದೆ ಆಗ. ಅಕ್ಕಿ ಬೊದುಲುಸಿ, ಕಾಯಿ ಹಾಕಿ ಕಡದು, ಬಾಣಲೆಲಿ ಕಾಸಿ, ಉಂಡೆ ಕಟ್ಟಿ, ಅಟ್ಟಿನಳಗೆಲಿ ಬೇಶಿ, ಬೆಶಿ ಬೆಶಿ ಇಪ್ಪಗಳೇ ಒತ್ತೆಕ್ಕು. ತಣುದರೆ ಮುಟ್ಟು ತಿರುಗ. ಆ ಹಿತ್ತಾಳೆ ಮುಟ್ಟಿನ ಎರಡು ಕೈಲಿ ಹಿಡುದು ಅಜ್ಜಿ ತಿರುಗುಸುವಗ ಹೆಗಲಿನ ನರ ಎದ್ದು ಕಾಂಗು. ಮಾವಿನಹಣ್ಣಿನ ರಸಾಯನದೊಟ್ಟಿಂಗೆ ಎಂಗೊ ಹೊಟ್ಟೆ ಬಿರಿವಷ್ಟು ತಿಂಗು. ಅಜ್ಜಿಗೆ ಸೇಮಗೆ ಹೇಳಿರೆ ಪ್ರಾಣ ಹೇಳಿ ಗ್ರೇಶಿದ್ದೆಯೊ°. ಆದರೆ ಅಜ್ಜಿ ಅದರ ತಿಂದದು ಎನಗೆ ನೆಂಪೇ ಇಲ್ಲೆ.

ಅಬ್ಬೆ ಹೇಳಿದ ಕತೆ ಹೀಂಗೆ. ಅಜ್ಜ° ಕೆಟ್ಟವ° ಅಲ್ಲ. ತಾಳಮದ್ದಳೆಲಿ ಅರ್ಥ ಹೇಳುವವ°, ಮಕ್ಕೊಗೆ ಒಂದು ಪೆಟ್ಟು ಕೊಟ್ಟವ° ಅಲ್ಲ. ಇಸ್ಪೀಟು ಒಂದು ಹಿಡುದತ್ತು. ಅಡಕ್ಕೆ ಮಾರಿದ ಪೈಸೆ ಮನಗೆ ಎತ್ತದ್ದೆ ಆತು. ಸಾಲ ಆತು. ಕೆಳಾಣ ತೋಟ ಹೋತು. ಕಡೇಂಗೆ ಸಾಲ ಕೊಟ್ಟವು ಜಾಲಿಂಗೆ ಬಂದು ತಪಲೆ, ಕೊಪ್ಪರಿಗೆ, ಹರಿವಾಣ ಎಲ್ಲ ಹೆರ ತೆಗದು ಮಡಗಿದವು. ಅಬ್ಬೆಗೆ ಏಳು ಒರಿಶ ಅಂಬಗ. ಅವು ಜಾಲಿಂಗೆ ಎತ್ತುವ ಮದಲೇ ಅಜ್ಜಿ ಸೇಮಗೆ ಮುಟ್ಟಿನ ಪತ್ತಾಯದ ಭತ್ತದ ಒಳ ಹುಗುದು, ಅದರ ಮೇಲೆ ಅಬ್ಬೆಯ ಕೂರ್ಸಿತ್ತಡ. "ಏಳೆಡ" ಹೇಳಿ ಒಂದೇ ಮಾತು.

ಮತ್ತೆ ಆರೇಳು ಒರಿಶ ಮನೆ ನೆಡದ್ದು ಆ ಮುಟ್ಟಿಂದ. ಊರಿಲ್ಲಿ ಉಪನಯನ, ಬಯಕೆ, ಎಂತ ಜೆಂಬ್ರ ಇದ್ದರೂ ಅಜ್ಜಿ ಮುಟ್ಟು ಹೆಗಲಿಂಗೆ ಹಾಕಿ ಹೋಕು. ಸಂಬಳ ಹೇಳುವ ಮಾತು ಇಲ್ಲೆ. "ಅತ್ತಿಗೆ ಸಕಾಯಕ್ಕೆ ಬೈಂದು" ಹೇಳುಗು. ಹೊತ್ತೋಪಗ ವಾಪಾಸು ಹೋಪಗ ಹೆಡಗೆಯ ಅಡಿಲಿ, ಬಾಳೆಲೆಯ ಕೆಳ, ಎರಡು ಸೇರು ಅಕ್ಕಿ ಇಕ್ಕು. ಕೊಡುವವಕ್ಕೂ ಗೊಂತು, ತೆಕ್ಕೊಂಬವಕ್ಕೂ ಗೊಂತು, ಆರೂ ಬಾಯಿ ಬಿಡವು. ಊರಿನ ಹೆಮ್ಮಕ್ಕೊ ಅಜ್ಜಿಯ ಮರ್ಯಾದೆ ಒಳುಶಿದ್ದು ಹಾಂಗೆ. ಆದರೆ ಅಜ್ಜನ ತಡವಲೆ ಮಾತ್ರ ಆರತ್ತರೆಯೂ ಎಡಿಗಾಯಿದಿಲ್ಲೆ. ಅಜ್ಜಿ ಆರತ್ತರೆ ಹೋಗಿ ಹೇಳೆಕ್ಕಾತು? ಅದಕ್ಕೆ ಬೇಕಾದ ಕಾಗದವೂ ಇತ್ತಿಲ್ಲೆ, ಕೊಡುವ ಆಪೀಸೂ ಇತ್ತಿಲ್ಲೆ. ಅಜ್ಜನ ಇಸ್ಪೀಟು ನಿಂತದು ಸೀಕು ಬಂದು ಹಾಸಿಗೆ ಹಿಡುದ ಮತ್ತೆಯೇ.

ಸಿಂಗಾಪುರದವು ಭಾರೀ ಉಶಾರಿ, ನಾವು ದಡ್ಡು ಹೇಳಿ ಎನ್ನ ಮಾತಲ್ಲ. ಜುಗಾರಿ ಬಾಗಿಲು ತೆಗದವುದೇ ಅವು, ಕಾವಲು ಮಡಗಿದವುದೇ ಅವು. ನಮ್ಮಲ್ಲಿಯೂ 2007ರಲ್ಲಿ ಕರ್ನಾಟಕ ಸರಕಾರ ಲಾಟರಿ ನಿಲ್ಸಿತ್ತು. ಈಗಾಣ ಇಸ್ಪೀಟು ಮಕ್ಕಳ ಕಿಸೆಲಿಪ್ಪ ಫೋನಿಂಗೆ ಬೈಂದು. ಅದಕ್ಕೆ 2025ರ ಆಗಸ್ಟಿಲ್ಲಿ ಪೈಸೆ ಹಾಕಿ ಆಡುವ ಆನ್‌ಲೈನ್ ಆಟಂಗಳ ನಿಷೇಧ ಮಾಡಿ ಸಂಸತ್ತಿಲ್ಲಿ ಕಾನೂನು ಆಯಿದು. ಕಾನೂನು ಬಂದರೂ ಕದ್ದು ಆಡುದು ಇದ್ದೇ ಇರ್ತು. ಮಕ್ಕೊ ಇರುಳು ಹೊದಕ್ಕೆಯ ಒಳ ಫೋನು ಒತ್ತುತ್ತಾ ಇದ್ದರೆ "ಎಂತ ನೋಡುದು ಮಗಾ?" ಹೇಳಿ ಒಂದರಿ ಕೇಳಿ ಅಕ್ಕಂದ್ರೇ. ಪೈಸೆ ಹೋದ ಮತ್ತೆ ನಾಚಿಕೆಲಿ ಮುಚ್ಚಿ ಮಡಗೆಡಿ. ಎಂಗಳ ಮನೆಲಿ ಎಪ್ಪತ್ತು ಒರಿಶ ಮುಚ್ಚಿ ಮಡಗಿದವು. ಅದರ ಭಾರ ಹೊತ್ತದು ಅಜ್ಜಿ ಒಂದೇ.

ಆ ದಿನ ಬಟ್ಲಿನ ಕ್ರಯ ಊರಿನ ಲೆಕ್ಕಲ್ಲಿ ಸಾವಿರ ರುಪಾಯಿಗೂ ಮೇಲೆ ಆತು. ಕೂಲಿಯವರ ಊಟ ಎಲ್ಲಿಂದ ಎಲ್ಲಿಗೆ ಎತ್ತಿದ್ದು ನೋಡಿ! ಹೆರ ಬಪ್ಪಗ ಅಳಿಯ°, "ಅತ್ತೆ, ಕ್ಯಾಸಿನೋ ಒಳ ಒಂದರಿ ನೋಡ್ತಿರೋ? ನಿಂಗೊಗೆ ಪೈಸೆ ಇಲ್ಲೆ" ಹೇಳಿ ತಮಾಷೆ ಮಾಡಿದ°. "ಬೇಡ ಅಪ್ಪಾ" ಹೇಳಿದೆ. ಬಾಗಿಲಿನ ಹತ್ತರೆ ಒಂದು ಹೆಮ್ಮಕ್ಕೊ, ಎನ್ನಷ್ಟೇ ಪ್ರಾಯದ್ದು, ಚೀಲ ಮೊಟ್ಟಿಲಿ ಮಡಗಿ ಬೆಂಚಿಲಿ ಕೂದು ಬಾಗಿಲನ್ನೇ ನೋಡಿಗೊಂಡಿತ್ತು. ಆರಿಂಗೆ ಕಾವದೋ, ಎಂತದೋ. ಎಂಗೊ ಒಂದು ಗಳಿಗೆ ಕಳುದು ಅದೇ ದಾರಿಲಿ ಬಪ್ಪಗಳೂ ಅಲ್ಲೇ ಕೂದುಗೊಂಡಿತ್ತು.

ಪುತ್ತೂರಿಂಗೆ ಬಂದ ಮರದಿನ ಅಟ್ಟ ಹತ್ತಿ ಮುಟ್ಟಿನ ಇಳಿಶಿದೆ. ಅಬ್ಬೆ ಕೊಟ್ಟದು ಎನ್ನ ಮದುವೆಲಿ. ಈಗ ಸ್ಟೀಲಿನ ಹಗುರದ್ದು ಇಪ್ಪ ಕಾರಣ ಅದರ ಆರೂ ಮುಟ್ಟುತ್ತವಿಲ್ಲೆ. ಹುಳಿ ಹಾಕಿ ತಿಕ್ಕಿ ತೊಳದೆ. ಒಂದು ಬಾಳೆಹಣ್ಣಿನ ರಸಾಯನ ಮಾಡಿ, ನಾಲ್ಕು ಉಂಡೆ ಒತ್ತಿ ಅಬ್ಬೆಗೆ ಕೊಟ್ಟೆ. ಎನ್ನ ಹೆಗಲು ಎರಡು ದಿನ ಬೇನೆ ಆತು. ಅಬ್ಬೆ ತಿಂದಿಕ್ಕಿ, "ಅಜ್ಜಿಯ ಸೇಮಗೆ ಇದರಿಂದ ಸಪೂರ ಇತ್ತು" ಹೇಳಿತ್ತು. ಅಷ್ಟಪ್ಪಗಳೇ ಆನು ಕೇಳಿದ್ದು, ಬರೆಯಲೋ ಹೇಳಿ.

ನಿಂಗಳ ಮನೆಯ ಅಟ್ಟಲ್ಲಿಯೂ ಒಂದು ಹಳೇ ಮುಟ್ಟು ಇಕ್ಕು. ಅದು ಆರ ಕೈಂದ ಬಂತು, ಅವು ಅದರ ಎಲ್ಲೆಲ್ಲ ಕೊಂಡೋಗಿ ಆರಾರಿಂಗೆ ಒತ್ತಿದವು ಹೇಳಿ ಕೇಳ್ಲೆ ಆರಾರು ಒಳುದಿದ್ದರೆ, ಈಗಳೇ ಕೇಳಿ ಮಡಗಿ.