ಕುದುರೆ ಕುಣಿತದಿಂದ ಅಚ್ಚಿನ ಪುಟಕ್ಕೆ: ಶಾಮನರ ಕಾಣ್ಕೆ ಪುಸ್ತಕವಾದ ಚರಿತ್ರೆ

1931ರ ಮೇ ತಿಂಗಳು. ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಪೈನ್ ರಿಡ್ಜ್ ಮೀಸಲು ಪ್ರದೇಶದಲ್ಲಿ, ಮ್ಯಾಂಡರ್ಸನ್ ಊರಿನ ಬಳಿ, ಲಕೋಟ ಜನಾಂಗದ ಹಿರಿಯ ಬ್ಲ್ಯಾಕ್ ಎಲ್ಕ್ ಅವರು ತಮ್ಮ ಒಂಬತ್ತನೆಯ ವಯಸ್ಸಿನ ಕಾಣ್ಕೆಯನ್ನು ನೆಬ್ರಾಸ್ಕದ ಕವಿ ಜಾನ್ ನೈಹಾರ್ಟ್ ಅವರಿಗೆ ಹೇಳುತ್ತ ಕೂತಿದ್ದರು. ಅವರು ಆಡುತ್ತಿದ್ದುದು ಲಕೋಟ ಭಾಷೆ. ಮಗ ಬೆನ್ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನೈಹಾರ್ಟ್ ಆ ಇಂಗ್ಲಿಷನ್ನು ಓರಣಗೊಳಿಸಿ ಮತ್ತೊಮ್ಮೆ ಹೇಳಿದ ಮೇಲೆ ಅವರ ಮಗಳು ಎನಿಡ್ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಸ್ಟ್ಯಾಂಡಿಂಗ್ ಬೇರ್ ಮೊದಲಾದ ಹಿರಿಯರು ಜೊತೆಗಿದ್ದು ತಮಗೆ ನೆನಪಿದ್ದುದನ್ನು ಕೂಡಿಸುತ್ತಿದ್ದರು. ಮರುವರ್ಷ ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’ ಅಚ್ಚಾಯಿತು. ಒಬ್ಬರ ಆತ್ಮಕಥೆಯೆಂದು ಲೋಕ ಓದಿದ ಈ ಪುಸ್ತಕ ಇಷ್ಟು ಜನರ ಬಾಯಿ, ಕೈಗಳನ್ನು ಹಾದು ಬಂದದ್ದು.

ಶಾಮನರೆಂದರೆ ಮೈದುಂಬಿದ ಸ್ಥಿತಿಯಲ್ಲೋ ಕನಸಿನಂಥ ದರ್ಶನದಲ್ಲೋ ಕಾಣದ ಲೋಕದೊಡನೆ ವ್ಯವಹರಿಸಿ, ರೋಗ ವಾಸಿಮಾಡುವ, ತಮ್ಮ ಜನರ ಪರವಾಗಿ ಉತ್ತರ ತರುವ ವ್ಯಕ್ತಿಗಳು. ಇಂಥವರ ಅನುಭವವನ್ನು ಹೊತ್ತ ಕೆಲವು ಪುಸ್ತಕಗಳು ಇಪ್ಪತ್ತನೆಯ ಶತಮಾನದ ಓದುಗರು ಲೋಕವನ್ನು ನೋಡುತ್ತಿದ್ದ ಬಗೆಯನ್ನೇ ಬದಲಿಸಿದವು. ನನ್ನ ವಾದ ಇಷ್ಟು: ಹುಟ್ಟಿದ ನೆಲದಲ್ಲಿ ಕಾಣ್ಕೆ ಊರಿನ ಸೊತ್ತು. ಅಚ್ಚಿನಲ್ಲಿ ಅದು ಒಬ್ಬಂಟಿ ಓದುಗರ ಖಾಸಗಿ ಅನುಭವವಾಯಿತು. ಈ ಪಲ್ಲಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಕೃತಿಗಳ ಬೆಲೆ ಕಟ್ಟಲಾಗದು.

ಬ್ಲ್ಯಾಕ್ ಎಲ್ಕ್ ಹುಟ್ಟಿದ್ದು 1863ರಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಕೈಕಾಲು ಊದಿ, ಹನ್ನೆರಡು ದಿನ ಎಚ್ಚರವಿಲ್ಲದೆ ಮಲಗಿದ್ದಾಗ ಅವರಿಗೆ ಕಾಣ್ಕೆಯಾಯಿತು. ಪಶ್ಚಿಮದಿಂದ ಕಪ್ಪು, ಉತ್ತರದಿಂದ ಬಿಳಿ, ಪೂರ್ವದಿಂದ ಕೆಂಗಂದು, ದಕ್ಷಿಣದಿಂದ ಹಳದಿ ಮೈಬಣ್ಣದ ಕುದುರೆಗಳು ಹನ್ನೆರಡರ ಸಾಲಾಗಿ ಬಂದವು. ಮೋಡದ ಗುಡಾರದಲ್ಲಿ ಆರು ಅಜ್ಜಂದಿರು ಕೂತಿದ್ದರು. ಆರನೆಯ ಅಜ್ಜನನ್ನು ದಿಟ್ಟಿಸಿದಾಗ ಆ ಮುಖ ತನ್ನದೇ ಎಂದು ಹುಡುಗನಿಗೆ ಗೊತ್ತಾಯಿತು. ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಆತನಿಗೆ ಹದಿಹರೆಯದಲ್ಲಿ ಗುಡುಗು ಕೇಳಿದರೆ ನಡುಕ ಹುಟ್ಟತೊಡಗಿತು. ಬ್ಲ್ಯಾಕ್ ರೋಡ್ ಎಂಬ ಹಿರಿಯ ವೈದ್ಯರು ವಿಷಯ ತಿಳಿದು, ಕಂಡದ್ದನ್ನು ಜನರ ಮುಂದೆ ಆಡಿ ತೋರಿಸದ ಹೊರತು ಈ ಭಯ ಬಿಡದು ಎಂದರು. 1881ರಲ್ಲಿ, ಮೊಂಟಾನದ ಕಿಯೋ ಕೋಟೆಯ ಬಳಿ, ಕುದುರೆ ಕುಣಿತ ನಡೆಯಿತು. ಗುಡಾರದ ಮೇಲೆ ಕಾಣ್ಕೆಯ ಚಿತ್ರ ಬರೆದರು. ನಾಲ್ಕು ಬಣ್ಣದ ಕುದುರೆಗಳನ್ನೇರಿದ ಸವಾರರು ನಾಲ್ಕು ದಿಕ್ಕುಗಳಾದರು. ಹುಡುಗ ಕಾಣ್ಕೆಯಲ್ಲಿ ಕೇಳಿದ್ದ ಹಾಡುಗಳನ್ನು ಊರು ಹಾಡಿತು. ಆ ಮೇಲಷ್ಟೇ ಅವರು ರೋಗಿಗಳಿಗೆ ಚಿಕಿತ್ಸೆ ಕೊಡತೊಡಗಿದರು.

ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಪ್ರಸಂಗ. ಕಂಡವರು ಒಬ್ಬರಾದರೂ ಕಾಣ್ಕೆಗೆ ಕಸುವು ಬಂದದ್ದು ನೂರಾರು ಜನರ ನಡುವೆ ಅದು ನಡೆದಾಗ. ಮುಂದೆ ಪುಸ್ತಕವನ್ನು ಎದೆಗವಚಿಕೊಂಡ ಓದುಗರಲ್ಲಿ ಹೆಚ್ಚಿನವರು ಹಿಡಿದುಕೊಂಡದ್ದು ಮೋಡದ ಗುಡಾರವನ್ನು. ಕುದುರೆ ಕುಣಿತವನ್ನು ಹಾರಿಸಿ ಮುಂದೆ ಹೋದರು.

1932ರಲ್ಲಿ ಪುಸ್ತಕಕ್ಕೆ ಒಳ್ಳೆಯ ವಿಮರ್ಶೆ ಬಂದರೂ ಮಾರಾಟವಾಗಲಿಲ್ಲ. ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ಆಸಕ್ತಿ, 1961ರ ನೆಬ್ರಾಸ್ಕ ವಿಶ್ವವಿದ್ಯಾಲಯದ ಮರುಮುದ್ರಣ, ವಿಯೆಟ್ನಾಂ ಯುದ್ಧದ ಕಾಲದ ಯುವಜನರ ಹುಡುಕಾಟ ಇವೆಲ್ಲ ಸೇರಿ ಅದಕ್ಕೆ ಎರಡನೆಯ ಜನ್ಮ ಸಿಕ್ಕಿತು. ನಗರಗಳಲ್ಲಿ ಬೆಳೆದ ಮೂಲನಿವಾಸಿ ತರುಣರೂ ತಮ್ಮ ಹಿರಿಯರ ಧರ್ಮವನ್ನು ಇದರಲ್ಲೇ ಹುಡುಕಿಕೊಂಡರು. ಅವರ ಪಾಲಿಗೆ ಇದು ಬುಡಕಟ್ಟುಗಳೆಲ್ಲಕ್ಕೂ ಸಲ್ಲುವ ಧರ್ಮಗ್ರಂಥದಂತಾಗಿದೆ ಎಂದು ಡಕೋಟ ಚಿಂತಕ ವೈನ್ ಡೆಲೋರಿಯ 1979ರ ಮುನ್ನುಡಿಯಲ್ಲಿ ಗುರುತಿಸಿದರು.

1984ರಲ್ಲಿ ಮಾನವಶಾಸ್ತ್ರಜ್ಞ ರೇಮಂಡ್ ಡಿಮ್ಯಾಲಿ ಅವರು ಎನಿಡ್ ಅವರ ಟಿಪ್ಪಣಿಗಳಿಂದ ಸಿದ್ಧವಾದ ಮೂಲ ಪ್ರತಿಗಳನ್ನು ‘ದ ಸಿಕ್ಸ್ತ್ ಗ್ರ್ಯಾಂಡ್‌ಫಾದರ್’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ ಚಿತ್ರ ಬದಲಾಯಿತು. ಓದುಗರ ಕಣ್ಣಲ್ಲಿ ನೀರು ತರಿಸಿದ, ಅಮೆರಿಕದ ಸೇನೆ ಲಕೋಟರನ್ನು ಕೊಂದ 1890ರ ವೂಂಡೆಡ್ ನೀ ಹತ್ಯಾಕಾಂಡದೊಡನೆ ಒಂದು ಜನಾಂಗದ ಕನಸೇ ಸತ್ತಿತೆಂಬ ಪ್ರಸಿದ್ಧ ಮುಕ್ತಾಯದ ಮಾತು ಆ ಪ್ರತಿಗಳಲ್ಲಿ ಇಲ್ಲ. ಅದು ನೈಹಾರ್ಟ್ ಬರೆದದ್ದು. ಪುಸ್ತಕದಲ್ಲಿ ಬದುಕಿನ ಕಥೆ ಆ ಹತ್ಯಾಕಾಂಡಕ್ಕೇ ನಿಲ್ಲುತ್ತದೆ. ಆಗ ಬ್ಲ್ಯಾಕ್ ಎಲ್ಕ್ ಅವರಿಗೆ ಇಪ್ಪತ್ತೇಳು ವರ್ಷ. ಪುಸ್ತಕದಲ್ಲಿಲ್ಲದ ಮುಂದಿನ ಬದುಕಿನಲ್ಲಿ ಅವರು 1904ರಲ್ಲಿ ಕ್ಯಾಥೊಲಿಕರಾಗಿ, ನಿಕೊಲಸ್ ಎಂಬ ಹೆಸರು ಪಡೆದು, ಧರ್ಮಬೋಧಕರಾಗಿ ದುಡಿದರು. 1934ರ ಜನವರಿಯಲ್ಲಿ ತಮ್ಮ ಕ್ರೈಸ್ತ ನಂಬಿಕೆಯನ್ನು ಸಾರುವ ಹೇಳಿಕೆಯನ್ನೂ ಕೊಟ್ಟರು. ಆ ಮೀಸಲು ಪ್ರದೇಶದಲ್ಲಿ ಪಾದ್ರಿಗಳಿಗಿದ್ದ ಹಿಡಿತವನ್ನು ನೆನೆದರೆ, ಆ ಹೇಳಿಕೆಯನ್ನೂ ಪುಸ್ತಕದಷ್ಟೇ ಎಚ್ಚರದಿಂದ ಓದಬೇಕು. ಹಾಗಿದ್ದೂ ಕಾಣ್ಕೆಯ ಮುಖ್ಯ ಭಾಗಗಳು ಮೂಲ ಪ್ರತಿಗಳಲ್ಲಿ ಇವೆ, ಕೆಲವೆಡೆ ಇನ್ನೂ ವಿವರವಾಗಿವೆ. ನೈಹಾರ್ಟ್ ಸುಳ್ಳು ಕಟ್ಟಲಿಲ್ಲ. ಒಂದು ಜನಾಂಗದ ಅಂತ್ಯಗೀತೆ ಬರೆಯುವ ಕವಿಯ ಹಂಬಲದಿಂದ ಕಥೆಗೆ ಕೊನೆ ಹಾಕಿದರು. ಬದುಕಿದ್ದ ಜನರ ಪಾಲಿಗೆ ಅದು ಸಣ್ಣ ತಪ್ಪೇನೂ ಅಲ್ಲ.

ಶಾಮನಿಸಂ ಕುರಿತ ವಿದ್ವತ್ ಗ್ರಂಥಗಳೂ ಈ ಪಲ್ಲಟದಲ್ಲಿ ಪಾಲುದಾರರೇ. ರುಮೇನಿಯದ ಮಿರ್ಚಾ ಎಲಿಯಾಡೆ, ಯೌವನದಲ್ಲಿ ಕಲಕತ್ತೆಯ ಸುರೇಂದ್ರನಾಥ ದಾಸಗುಪ್ತರ ಬಳಿ ಕಲಿತವರು, 1951ರಲ್ಲಿ ಫ್ರೆಂಚಿನಲ್ಲಿ ತಮ್ಮ ಬೃಹತ್ ಗ್ರಂಥ ತಂದರು. ಸೈಬೀರಿಯದಲ್ಲಿ ಕ್ಷೇತ್ರಕಾರ್ಯ ಮಾಡದೆ, ಇತರರ ವರದಿಗಳ ಆಧಾರದ ಮೇಲೆ, ಶಾಮನಿಸಂ ಎಂದರೆ ಭಾವಪರವಶತೆಯ ವಿದ್ಯೆ ಎಂದು ನಿರೂಪಿಸಿದರು. ಈ ನಿರೂಪಣೆಯಲ್ಲಿ ಶಾಮನ್ ಉಳಿದರು, ಅವರ ಸುತ್ತಲಿನ ಊರು ಮಸುಕಾಯಿತು.

ಊರಿಗೆ ನೇರವಾಗಿ ಪೆಟ್ಟು ಬಿದ್ದದ್ದು ಮೆಕ್ಸಿಕೊದಲ್ಲಿ. 1955ರ ಜೂನ್ ಕೊನೆಯಲ್ಲಿ, ವಹಾಕ ರಾಜ್ಯದ ಹುವಾಟ್ಲದಲ್ಲಿ, ಮರಿಯಾ ಸಬೀನಾ ಎಂಬ ಮಸಾಟೆಕ್ ವೈದ್ಯೆಯ ಅಣಬೆ ಜಾಗರಣೆಯಲ್ಲಿ ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್ ಪಾಲ್ಗೊಂಡರು. 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದಾಗ ಆಕೆಯ ಹೆಸರನ್ನು ಮರೆಮಾಚಿದರೂ, ಕೆಲವೇ ವರ್ಷಗಳಲ್ಲಿ ಹೊರಗಿನವರ ದಂಡು ಹುವಾಟ್ಲಕ್ಕೆ ಬಂತು. ಅಣಬೆ ರೋಗಿಗಳ ಗುಣಕ್ಕೆಂದು ಇದ್ದದ್ದು, ಇವರು ಬಂದ ಮೇಲೆ ಅದರ ಶಕ್ತಿ ಹೋಯಿತು ಎಂಬುದು ಮರಿಯಾ ಸಬೀನಾ ಅವರ ದೂರು. ಅದನ್ನು ಮಸಾಟೆಕ್ ಮೂಲದವರೇ ಆದ ಆಲ್ವಾರೊ ಎಸ್ಟ್ರಾಡ ಅವರು 1977ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು.

ಕಾರ್ಲೋಸ್ ಕಾಸ್ಟನೇಡ ಅವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ, ಡಾನ್ ಹ್ವಾನ್ ಎಂಬ ಯಾಕಿ ಬುಡಕಟ್ಟಿನ ಗುರುವಿನ ಬೋಧನೆಗಳ ಅವರ ಪುಸ್ತಕ ಲಕ್ಷಾಂತರ ಓದುಗರನ್ನು ಸೆಳೆಯಿತು. 1973ರಲ್ಲಿ ಕಾಸ್ಟನೇಡ ಅವರಿಗೆ ಡಾಕ್ಟರೇಟ್ ಪದವಿಯೂ ಸಿಕ್ಕಿತು. ಯಾಕಿ ಸಮಾಜವನ್ನು ಬಲ್ಲ ಎಡ್ವರ್ಡ್ ಸ್ಪೈಸರ್ ಆ ಪುಸ್ತಕದಲ್ಲಿ ಯಾಕಿ ಜೀವನ ಕಾಣುವುದಿಲ್ಲ ಎಂದರು. ಲೇಖಕ ರಿಚರ್ಡ್ ಡಿ ಮಿಲ್ 1976ರಲ್ಲಿ ಕಾಸ್ಟನೇಡ ಅವರ ಪುಸ್ತಕಗಳ ದಿನಾಂಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ತೋರಿಸಿದರು. ಗುರುವಿಗೆ ಊರಿಲ್ಲ, ರೋಗಿಗಳಿಲ್ಲ, ಹಬ್ಬವಿಲ್ಲ. ಇರುವುದು ಒಬ್ಬ ಶಿಷ್ಯ, ಒಂದು ಮರುಭೂಮಿ. ಇದು ಕಾದಂಬರಿ. ಕಾದಂಬರಿಯೆಂದೇ ಓದಬೇಕು.

ಇದಕ್ಕೆ ಪ್ರತಿಯಾಗಿ ಬ್ರೆಜಿಲ್‌ನ ಯನೊಮಾಮಿ ಶಾಮನ್ ದಾವಿ ಕೊಪೆನಾವ ಅವರ ‘ದ ಫಾಲಿಂಗ್ ಸ್ಕೈ’ ಇದೆ. 2010ರಲ್ಲಿ ಫ್ರೆಂಚಿನಲ್ಲಿ, 2013ರಲ್ಲಿ ಇಂಗ್ಲಿಷಿನಲ್ಲಿ ಬಂತು. ಬರೆದುಕೊಂಡ ಬ್ರೂಸ್ ಆಲ್ಬೆರ್ ಯನೊಮಾಮಿ ಭಾಷೆ ಬಲ್ಲವರು. ಧ್ವನಿಮುದ್ರಿಸಿಕೊಂಡ ಮಾತನ್ನು ಹೇಗೆ ಜೋಡಿಸಿದೆನೆಂದು ಪುಸ್ತಕದಲ್ಲೇ ಹೇಳಿದ್ದಾರೆ. ಚಿನ್ನ ಅಗೆಯುವವರು ತಂದ ರೋಗಗಳಿಂದ ತನ್ನವರು ಸಾಯುವುದನ್ನು ಕಂಡ ಕೊಪೆನಾವ, ಕಾಡು ಉಳಿಸಲೆಂದೇ ಬಿಳಿಯರ ಕಾಗದಕ್ಕೆ ತಮ್ಮ ಮಾತು ಕೊಟ್ಟರು. ಇಲ್ಲಿ ಕಾಣ್ಕೆ ಮತ್ತೆ ಊರಿನ ಕೆಲಸಕ್ಕೆ ನಿಂತಿದೆ.

ಕರ್ನಾಟಕದಲ್ಲಿ ಇಂಥ ಕೆಲಸ ನಡೆದದ್ದು ತುಳುನಾಡಿನಲ್ಲಿ. 1990ರ ಡಿಸೆಂಬರಿನಲ್ಲಿ, ಬೆಳ್ತಂಗಡಿ ಕಡೆಯ ಮಾಚಾರು ಗೋಪಾಲ ನಾಯ್ಕರು ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ತುಳು ಹಾಡುಗಬ್ಬವಾದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರಿದ್ದ ತಂಡಕ್ಕೆ ಹಾಡಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ತುಳು ಮತ್ತು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಗೋಪಾಲ ನಾಯ್ಕರು ಹಾಡುಗಾರರಷ್ಟೇ ಆಗಿರಲಿಲ್ಲ, ಸಿರಿ ಆಚರಣೆಯನ್ನು ನಡೆಸುವ ಕುಮಾರರೂ ಆಗಿದ್ದರು. ಜಾತ್ರೆಯಲ್ಲಿ ಹಿಂಗಾರ ಹಿಡಿದು ಆವೇಶಗೊಂಡ ಹೆಣ್ಣಿನೊಡನೆ ಕುಮಾರ ಪಾಡ್ದನದ ಧಾಟಿಯಲ್ಲೇ ಮಾತಾಡಿ, ಮೈಮೇಲೆ ಬಂದದ್ದು ಸಿರಿ ಬಳಗದ ಯಾರೆಂದು ಹೇಳಿಸುತ್ತಾನೆ. ಮನೆಯವರ ಮುಂದೆ ಬಾಯಿಬಿಡಲಾಗದ ಸಂಕಟ ಅಲ್ಲಿ ಮಾತಾಗುತ್ತದೆ. ಕಾವ್ಯ ಅಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಬರುವುದಿಲ್ಲ. ಬೇಕಾದಲ್ಲಿ ಬೇಕಾದಷ್ಟು ಬರುತ್ತದೆ. ಇಡಿಯಾದ ಪಠ್ಯ ದಾಖಲಾತಿಗಾಗಿ ಮೂಡಿದ್ದು. ಪಠ್ಯ ರೂಪುಗೊಂಡ ಬಗೆಗೇ ಒಂದು ಸಂಪುಟ ಮೀಸಲಿಟ್ಟದ್ದು ಹೊಂಕೊ ಅವರ ದೊಡ್ಡ ಪ್ರಾಮಾಣಿಕತೆ.

ದೈವದ ಪಾತ್ರಿಗಳ, ಸಿರಿಯ ಕುಮಾರರ, ದೇವರ ಗುಡ್ಡರ ಬಾಯಿಂದ ಇಂದಿಗೂ ಕಥನಗಳನ್ನು ಬರೆದುಕೊಳ್ಳುತ್ತಿರುವ ನಮ್ಮ ಸಂಶೋಧಕರು ಧ್ವನಿಮುದ್ರಣವನ್ನು ಕಾಪಾಡಿ ಇಡಬೇಕು. ಭಾಷಾಂತರಿಸಿದವರ ಹೆಸರನ್ನೂ ಆ ಆಚರಣೆ ಯಾರ ಯಾವ ಕಷ್ಟಕ್ಕಾಗಿ ನಡೆಯಿತೆಂಬುದನ್ನೂ ಪುಸ್ತಕದೊಳಗೇ ಅಚ್ಚು ಮಾಡಬೇಕು. ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’ ಓದುವವರು ಡಿಮ್ಯಾಲಿಯವರ ಸಂಪುಟವನ್ನು ಜೊತೆಗಿಟ್ಟುಕೊಂಡು, 1881ರ ಕುದುರೆ ಕುಣಿತದ ಅಧ್ಯಾಯವನ್ನು ಎರಡರಲ್ಲೂ ಓದಲಿ.