ಬಾಯಿ ಕಟ್ಟುವುದು

ಸಕ್ಕರೆ ಕಾಯಿಲೆ ಬಂದವರಿಗೆ ಲಿಂಗಸುಗೂರಿನಲ್ಲಿ ಡಾಕ್ಟರು ಹೇಳುವ ಮೊದಲ ಮಾತು ‘ಬಾಯಿ ಕಟ್ರಿ’. ಬಾಣಂತಿಗೆ ಅತ್ತೆ ಹೇಳುವುದೂ ಅದನ್ನೇ. ಜೋಳದ ಹೊಲದಲ್ಲಿ ಎಡೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಂತೆ ಮೂತಿಗೆ ಹಗ್ಗದ ಬಲೆ ಬಿಗಿದರೆ ಅದೂ ಬಾಯಿ ಕಟ್ಟುವುದೇ. ‘ಹೊಟ್ಟಿ ಬಾಯಿ ಕಟ್ಟಿ ಓದಿಸೀನಪಾ ನಿನ್ನ’ ಎಂದು ತಾಯಿ ಮಗನಿಗೆ ಹೇಳಿದರೆ ಅಲ್ಲಿ ವರ್ಷಗಟ್ಟಲೆ ಉಣ್ಣದೆ ಉಳಿಸಿದ ರೊಟ್ಟಿಯ ಲೆಕ್ಕವಿದೆ. ಕೋರ್ಟಿನ ಆವರಣದಲ್ಲಿ ‘ಸಾಕ್ಷಿ ಬಾಯಿ ಕಟ್ಟಿಬಿಟ್ರು’ ಎನ್ನುವಾಗ ಮಾತ್ರ ಇದೇ ನುಡಿಗೆ ಬೇರೆ ಮುಖ ಬರುತ್ತದೆ. ತನ್ನ ಬಾಯಿ ತಾನು ಕಟ್ಟಿದರೆ ವ್ರತ, ಇನ್ನೊಬ್ಬರದನ್ನು ಕಟ್ಟಿದರೆ ದಬ್ಬಾಳಿಕೆ.

ಈ ಎರಡೂ ಮುಖವಿರುವ ದೇವಿಯೊಬ್ಬಳಿದ್ದಾಳೆ. ತಂತ್ರ ಹೇಳುವ ದಶಮಹಾವಿದ್ಯೆಗಳಲ್ಲಿ ಒಬ್ಬಳಾದ ಬಗಳಾಮುಖಿ. ಹಳದಿ ಸೀರೆ, ಚಿನ್ನದ ಪೀಠ. ಬಲಗೈಯಲ್ಲಿ ಗದೆ ಎತ್ತಿದ್ದಾಳೆ, ಎಡಗೈಯಲ್ಲಿ ಅಸುರನ ನಾಲಿಗೆಯನ್ನೇ ಹಿಡಿದು ಹೊರಗೆಳೆದಿದ್ದಾಳೆ. ಶತ್ರುವಿನ ಮಾತು, ನಡೆ, ಬುದ್ಧಿಯನ್ನು ನಿಲ್ಲಿಸುವ ಈ ಶಕ್ತಿಗೆ ತಂತ್ರಗ್ರಂಥಗಳು ಸ್ತಂಭನ ಎನ್ನುತ್ತವೆ. ಕೋರ್ಟು, ಚುನಾವಣೆ ಅಂತ ಜನ ಮಧ್ಯಪ್ರದೇಶದ ದತಿಯಾದ ಪೀತಾಂಬರಾ ಪೀಠದವರೆಗೂ ಹೋಗುವುದು ಇದಕ್ಕೇ.

ಆದರೆ ಈ ದಾರಿಯಲ್ಲಿ ಮೊದಲು ಬಾಯಿ ಕಟ್ಟಬೇಕಾದದ್ದು ಸಾಧಕನೇ. ಗುರು ಶಿಷ್ಯನ ಬಲಗಿವಿಗೆ ಬಾಯಿ ತಂದು, ಪಕ್ಕದಲ್ಲಿದ್ದವರಿಗೂ ಕೇಳದಂತೆ ಮಂತ್ರ ಹೇಳುತ್ತಾನೆ. ಅಲ್ಲಿಂದಾಚೆ ಅದು ಜಪಕ್ಕೆ ಮಾತ್ರ, ಮಾತಿಗಲ್ಲ. ಮಾರ್ಕಂಡೇಯ ಪುರಾಣದೊಳಗಿನ 13 ಅಧ್ಯಾಯಗಳ ದೇವೀಮಾಹಾತ್ಮ್ಯೆಯನ್ನು, ಅಂದರೆ 700 ಮಂತ್ರಗಳ ಸಪ್ತಶತಿಯನ್ನು, ಓದುವ ಮೊದಲು ಕವಚ, ಅರ್ಗಳ, ಕೀಲಕಗಳನ್ನು ಹೇಳುವ ಪದ್ಧತಿಯಿದೆ. ಅರ್ಗಳ ಎಂದರೆ ನಮ್ಮ ಬಾಗಿಲಿನ ಅಗುಳಿ, ಕೀಲಕ ಎಂದರೆ ಗೂಟ. ಗ್ರಂಥಕ್ಕೇ ಕದ ಹಾಕಿಟ್ಟಿದ್ದಾರೆ.

ಮಾತಿಗೆ ಲಗಾಮು ಹಾಕಿದ್ದು ತಾಂತ್ರಿಕರು ಮಾತ್ರ ಅಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಸಿಕ್ಕಿತಲ್ಲ, ಆ ದೊರೆ ತನ್ನ 12ನೇ ಶಾಸನದಲ್ಲಿ ಸ್ವಂತ ಪಂಥವನ್ನು ಹೊಗಳುವಾಗ, ಪರರದನ್ನು ತೆಗಳುವಾಗ ನಾಲಿಗೆ ಹಿಡಿತದಲ್ಲಿರಲಿ ಎಂದ. ಆ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದ್ದು ಕಾಳಿಯ ಗುಡಿಯಲ್ಲಿ, ದೇವಿಯ ವಿಗ್ರಹದ ಪೀಠವಾಗಿ!

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಬಳಿ ಸಿದ್ಧಪರ್ವತವಿದೆ. ಜನರ ಬಾಯಲ್ಲಿ ಅದು ಅಂಬಾಮಠ. ಬನದ ಹುಣ್ಣಿಮೆಗೆ ಜಾತ್ರೆ ನೆರೆಯುವ ಈ ಗುಡ್ಡ, ಬಗಳಾಮುಖಿಯನ್ನು ಉಪಾಸಿಸಿದ ಚಿದಾನಂದ ಅವಧೂತರ ನೆಲೆ. ‘ಜ್ಞಾನಸಿಂಧು’ ಬರೆದ ಅವಧೂತರು ದೇವೀಮಾಹಾತ್ಮ್ಯೆಯ ಆ ಕತೆಯನ್ನು ಭಾಮಿನಿ ಷಟ್ಪದಿಗೆ ತಂದು ಕನ್ನಡದವರ ಕೈಗಿಟ್ಟರು. ನನ್ನ ಪಾಲಿಗೆ ಇದು ಸಣ್ಣ ಕೆಲಸವಲ್ಲ. ನಾಲಿಗೆ ಹಿಡಿದೆಳೆಯುವ ದೇವಿಯ ಉಪಾಸಕ ಊರಿನ ನಾಲಿಗೆಯನ್ನೇ ಬಿಚ್ಚಿದ. ಕಿವಿಯ ಮಂತ್ರ ಕಿವಿಯಲ್ಲೇ ಉಳಿಯಿತು, ಕತೆ ಮಾತ್ರ ಅಗುಳಿ ತೆಗೆದುಕೊಂಡು ಬೀದಿಗೆ ಬಂತು.

ಇಂದು ಎಷ್ಟೋ ಊರುಗಳ ಗೋಡೆಯ ಮೇಲೆ ‘ಶತ್ರುವಿನ ಬಾಯಿ ಕಟ್ಟುತ್ತೇವೆ, ಗ್ಯಾರಂಟಿ’ ಎಂಬ ಚೀಟಿಗಳು ಅಂಟಿರುತ್ತವೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತನ್ನ ಬಾಯಿಂದ ಶುರುವಾಗಬೇಕಾದ ಸಾಧನೆಯನ್ನು ನೆರೆಯವನ ಬಾಯಿಗೆ ತಿರುಗಿಸಿ ದರ ಕಟ್ಟಿದ್ದಾರೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದಸರೆ ಬಂತೆಂದರೆ ಗುಡಿಯಲ್ಲಿ ಅವಧೂತರ ಆ ದೇವಿ ಪುರಾಣ ಹಚ್ಚುತ್ತಾರೆ. ಹಾರ್ಮೋನಿಯಂ, ತಬಲಾ, ಮೈಕು ಎಲ್ಲ ಇರುತ್ತದೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕೇಳಲು ಬಂದವರನ್ನು ನಿಮಗೆ ಉಪದೇಶ ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಒಂಬತ್ತು ದಿನ ಒಪ್ಪತ್ತು ಉಂಡು ಬಾಯಿ ಕಟ್ಟಿದ ಹೆಂಗಸರೇ ಮುಂದೆ ಕೂತಿರುತ್ತಾರೆ. ಅವರಲ್ಲಿ ಅಕ್ಷರ ಬಾರದ ಅಜ್ಜಿಯರಿಗೂ ಪದ್ಯಗಳು ಬಾಯಿಪಾಠ. ಪುರಾಣಿಕರು ಅಪ್ಪಿತಪ್ಪಿ ಒಂದು ಸಾಲು ಹಾರಿಸಿದರೆ, ‘ಅಲ್ರೀ, ನಡುವ ಒಂದು ಬಿಟ್ರಿ’ ಎಂದು ಅಲ್ಲಿಂದಲೇ ತಿದ್ದುತ್ತಾರೆ.