ಆರಿಸಿದವರು ಯಾರು, ಧಿಕ್ಕಾರ ಯಾರಿಗೆ?

1999ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸಭಾಂಗಣದಲ್ಲಿ ಇಪ್ಪತ್ತೆರಡು ವರ್ಷದ ಯುವಕನೊಬ್ಬ ವೇದಿಕೆ ಹತ್ತಿದ. ಅವನ ಹೆಸರು ಡಾನವನ್ ಮೆಕ್‌ನ್ಯಾಬ್. ಅಮೆರಿಕದ ವೃತ್ತಿಪರ ಫುಟ್ಬಾಲಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವನನ್ನು ಆರಿಸಿಕೊಂಡಿದೆ ಎಂಬ ಘೋಷಣೆ ಆಗಷ್ಟೇ ಆಗಿತ್ತು. ಬದುಕಿನಲ್ಲಿ ಒಮ್ಮೆ ಮಾತ್ರ ಬರುವ ಗಳಿಗೆ ಅದು. ಸಭಾಂಗಣದ ಒಂದು ಮೂಲೆಯಿಂದ ಧಿಕ್ಕಾರದ ಕೂಗು ಎದ್ದಿತು. ಕೂಗಿದವರು ಎದುರಾಳಿ ತಂಡದವರಲ್ಲ, ಅವನದೇ ತಂಡದ ಅಭಿಮಾನಿಗಳು. ಬಸ್ಸು ಮಾಡಿಕೊಂಡು ಫಿಲಡೆಲ್ಫಿಯಾದಿಂದ ಬಂದಿದ್ದ ಸುಮಾರು ಮೂವತ್ತು ಮಂದಿ.

ಅಮೆರಿಕದವರು ಫುಟ್ಬಾಲ್ ಎನ್ನುವುದು ನಾವು ಕಾಲಿನಿಂದ ಆಡುವ ಆಟವನ್ನಲ್ಲ. ಉದ್ದುರುಟಿನ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಮೇಲೆ ಬೀಳುವ ಆಟ ಅದು. ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅದನ್ನು ಹಿಡಿದು ಗುಂಪನ್ನು ಸೀಳಿಕೊಂಡು ಓಡುವವನು ರನ್ನಿಂಗ್ ಬ್ಯಾಕ್. ವರ್ಷಕ್ಕೊಮ್ಮೆ ಕಾಲೇಜು ಮುಗಿಸಿ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಕ್ರಿಕೆಟಿನ ಹರಾಜಿನಂತೆ ಇಲ್ಲಿ ಹಣದ ಕೂಗಾಟವಿಲ್ಲ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಸೋತವನಿಗೆ ಸಿಗುವ ಸಮಾಧಾನ ಎನ್ನಬಹುದು.

1998ರಲ್ಲಿ ಈಗಲ್ಸ್ ಹದಿನಾರು ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಮೂರು. ಆದ್ದರಿಂದ ಎರಡನೆಯ ಸರದಿ ಅವರ ಪಾಲಿಗೆ ಬಂತು. ಯಾರನ್ನು ತರಬೇಕು? ಇಡೀ ನಗರವೇ ಅಂಗಡಿ, ಕಚೇರಿ, ರೇಡಿಯೊಗಳಲ್ಲಿ ವಾದಕ್ಕೆ ಇಳಿಯಿತು. ಬಹಳ ಮಂದಿಗೆ ಬೇಕಾಗಿದ್ದವನು ಟೆಕ್ಸಾಸ್ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ ರಿಕಿ ವಿಲಿಯಮ್ಸ್. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯನ್ನು ಆಗಷ್ಟೇ ಪಡೆದಿದ್ದವನು. ನಗರದ ಮೇಯರ್ ಎಡ್ ರೆಂಡೆಲ್ ಕೂಡ ವಿಲಿಯಮ್ಸ್ ಪರ ನಿಂತರು. ರಸ್ತೆ, ನೀರು, ಶಾಲೆಗಳ ಚಿಂತೆ ಮಾಡಬೇಕಾದ ಮೇಯರ್ ಆಟಗಾರನೊಬ್ಬನ ಪರ ಪ್ರಚಾರಕ್ಕಿಳಿದದ್ದು ನಮಗೆ ವಿಚಿತ್ರವಾಗಿ ಕಾಣಬಹುದು. ಆ ಊರಿನವರಿಗೆ ಹಾಗೆ ಕಾಣಲಿಲ್ಲ. ಕ್ರೀಡಾ ರೇಡಿಯೊದ ನಿರೂಪಕ ಏಂಜೆಲೊ ಕಟಾಲ್ಡಿ ಮೂವತ್ತು ಅಭಿಮಾನಿಗಳ ದಂಡು ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋದರು.

ತಂಡದ ಆಡಳಿತದ ಲೆಕ್ಕ ಬೇರೆಯಿತ್ತು. ಆ ವರ್ಷದ ಜನವರಿಯಲ್ಲಷ್ಟೇ ಮುಖ್ಯ ತರಬೇತುದಾರನಾಗಿ ಬಂದಿದ್ದ ಆಂಡಿ ರೀಡ್‌ಗೆ ಬೇಕಿದ್ದದ್ದು ಹತ್ತು ವರ್ಷ ತಂಡವನ್ನು ಹೊರಬಲ್ಲ ಕ್ವಾರ್ಟರ್‌ಬ್ಯಾಕ್. ಅಭಿಮಾನಿಗೆ ಬೇಕಾದದ್ದು ಬರುವ ಭಾನುವಾರದ ಗೆಲುವು. ಎರಡೂ ನ್ಯಾಯವಾದ ಆಸೆಗಳೇ. ಆದರೆ ತೀರ್ಮಾನದ ಕೀಲಿ ಒಂದು ಕಡೆಯಲ್ಲಿತ್ತು, ಕೂಗುವ ಗಂಟಲು ಇನ್ನೊಂದು ಕಡೆಯಲ್ಲಿತ್ತು.

ಇದೇ ಫಿಲಡೆಲ್ಫಿಯಾದಲ್ಲಿ ಡ್ರಾಫ್ಟ್ ಹುಟ್ಟಿತು. ಈಗಲ್ಸ್ ತಂಡದ ಅಂದಿನ ಮಾಲೀಕ ಬರ್ಟ್ ಬೆಲ್ 1935ರಲ್ಲಿ ಇದನ್ನು ಸೂಚಿಸಿದ. ಶ್ರೀಮಂತ ತಂಡಗಳು ಒಳ್ಳೆಯವರನ್ನೆಲ್ಲ ಬಾಚಿಕೊಂಡರೆ ಬಡ ತಂಡಗಳು ಉಳಿಯುವುದು ಹೇಗೆ ಎಂಬುದು ಅವನ ವಾದ. 1936ರ ಫೆಬ್ರವರಿ 8ರಂದು ಅದೇ ನಗರದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಒಂಬತ್ತು ತಂಡಗಳು ಸೇರಿ ಮೊದಲ ಡ್ರಾಫ್ಟ್ ನಡೆಸಿದವು. ಮೊಟ್ಟಮೊದಲು ಆರಿಸಲ್ಪಟ್ಟವನು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಆರಿಸಿದ್ದು ಈಗಲ್ಸ್. ಅವನು ಕೇಳಿದ ಸಂಬಳ ಹೆಚ್ಚಾಯಿತೆಂದು ಅವನ ಮೇಲಿನ ಹಕ್ಕನ್ನು ಶಿಕಾಗೊ ಬೇರ್ಸ್ ತಂಡಕ್ಕೆ ದಾಟಿಸಿದರು. ಅಲ್ಲಿಯೂ ವ್ಯವಹಾರ ಕುದುರಲಿಲ್ಲ. ಡ್ರಾಫ್ಟಿನ ಇತಿಹಾಸದ ಪ್ರಥಮ ಪುರುಷ ವೃತ್ತಿಪರ ಫುಟ್ಬಾಲನ್ನೇ ಆಡದೆ ಫೋಮ್ ರಬ್ಬರ್ ಮಾರುವ ಕೆಲಸಕ್ಕೆ ಸೇರಿದ. ಕಥೆ ಬರೆಯುವ ನಮಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ ಎಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಬೆಲ್‌ನ ನ್ಯಾಯ ಮಾಲೀಕರ ನಡುವಿನ ನ್ಯಾಯ. ಆಟಗಾರನ ಪಾಲಿಗೆ ಅದರ ಅರ್ಥ ಬೇರೆ. ಯಾವ ಊರಿಗೆ ಹೋಗಬೇಕು, ಯಾರ ಕೈಕೆಳಗೆ ದುಡಿಯಬೇಕು ಎಂದು ಅವನು ಹೇಳುವಂತಿಲ್ಲ. ಒಂದೇ ತಂಡದೊಡನೆ ಸಂಬಳದ ಮಾತಾಡಬೇಕು. ಒಪ್ಪದಿದ್ದರೆ ಬರ್ವಾಂಗರ್‌ನ ದಾರಿ ಹಿಡಿಯಬೇಕು. 1968ರಲ್ಲಿ ವಾಷಿಂಗ್ಟನ್ ತಂಡ ಆರಿಸಿಕೊಂಡ ಜೇಮ್ಸ್ 'ಯಾಜೂ' ಸ್ಮಿತ್ ಕುತ್ತಿಗೆಗೆ ಪೆಟ್ಟಾಗಿ ಆಟ ಕಳೆದುಕೊಂಡ ಮೇಲೆ ಈ ಪದ್ಧತಿಯನ್ನೇ ನ್ಯಾಯಾಲಯಕ್ಕೆ ಎಳೆದ. ಪೈಪೋಟಿಯನ್ನು ಕತ್ತರಿಸುವ ಈ ಪದ್ಧತಿ ಕಾನೂನಿಗೆ ವಿರುದ್ಧ ಎಂದು 1976ರಲ್ಲಿ ತೀರ್ಪು ಬಂತು. ಆದರೆ 1977ರಲ್ಲಿ ಆಟಗಾರರ ಸಂಘವೇ ಮಾಲೀಕರ ಜೊತೆಗಿನ ಒಪ್ಪಂದದಲ್ಲಿ ಡ್ರಾಫ್ಟನ್ನು ಒಪ್ಪಿಕೊಂಡಿತು. ಪದ್ಧತಿ ಉಳಿಯಿತು.

ಈಗ ಮತ್ತೆ ಆ ವೇದಿಕೆಯನ್ನು ನೋಡೋಣ. ಆರಿಸಿದವನು ರೀಡ್. ಒಪ್ಪಿದವನು ತಂಡದ ಮಾಲೀಕ ಜೆಫ್ರಿ ಲೂರಿ. ಬಸ್ಸು ಹೊರಡಿಸಿದವರು ರೇಡಿಯೊದವರು. ಇಡೀ ವಿವಾದದಲ್ಲಿ ಏನನ್ನೂ ನಿರ್ಧರಿಸದಿದ್ದವರು ಇಬ್ಬರೇ, ಮೆಕ್‌ನ್ಯಾಬ್ ಮತ್ತು ವಿಲಿಯಮ್ಸ್. ಧಿಕ್ಕಾರ ಬಿದ್ದದ್ದು ಮೆಕ್‌ನ್ಯಾಬ್ ಮೇಲೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಮ್ಮ ಹಿರಿಯರು ಅಂದದ್ದು ಇಂಥದಕ್ಕೇ ಇರಬೇಕು.

ಹಾಗೆಂದು ಅಭಿಮಾನಿಯನ್ನು ಗೇಲಿ ಮಾಡಲು ನಮಗೆ ಮನಸ್ಸಿಲ್ಲ. ಟಿಕೆಟ್ಟಿಗೆ ಹಣ ಕೊಡುವವನು ಅವನು, ಹಿಮದಲ್ಲಿ ಕೂತು ನೋಡುವವನು ಅವನು. ತಂಡದ ತೀರ್ಮಾನದಲ್ಲಿ ಅವನಿಗೆ ಒಂದು ಮತವೂ ಇಲ್ಲ. ವಿಸ್ಕಾನ್ಸಿನ್ ರಾಜ್ಯದ ಪುಟ್ಟ ಊರು ಗ್ರೀನ್ ಬೇಯ ತಂಡಕ್ಕೆ ಅಭಿಮಾನಿಗಳೇ ಷೇರುದಾರರು. ಐದು ಲಕ್ಷಕ್ಕೂ ಹೆಚ್ಚು ಜನ ಲಾಭಾಂಶವಿಲ್ಲದ ಷೇರು ಹಿಡಿದಿದ್ದಾರೆ. ಅವರು ನಿರ್ದೇಶಕರನ್ನು ಚುನಾಯಿಸಬಹುದು, ಆಟಗಾರನನ್ನಲ್ಲ. ಉಳಿದ ಊರುಗಳ ಅಭಿಮಾನಿಗೆ ಅಷ್ಟೂ ಇಲ್ಲ. ಅವನ ಬಳಿ ಇರುವುದು ಗಂಟಲೊಂದೇ.

ಕಾಲ ಏನು ಹೇಳಿತು? ವಿಲಿಯಮ್ಸ್‌ನನ್ನು ಐದನೆಯ ಸರದಿಯಲ್ಲಿ ನ್ಯೂ ಆರ್ಲಿಯನ್ಸ್ ತಂಡ ಪಡೆಯಿತು. ಅದಕ್ಕಾಗಿ ತರಬೇತುದಾರ ಮೈಕ್ ಡಿಟ್ಕಾ ಆ ವರ್ಷದ ತನ್ನ ಉಳಿದೆಲ್ಲ ಸರದಿಗಳನ್ನೂ ಮರುವರ್ಷದ ಎರಡನ್ನೂ ಬಿಟ್ಟುಕೊಟ್ಟಿದ್ದ. ಮೂರು ಪಂದ್ಯ ಗೆದ್ದ ಡಿಟ್ಕಾ ಋತು ಮುಗಿದೊಡನೆ ಕೆಲಸ ಕಳೆದುಕೊಂಡ. ವಿಲಿಯಮ್ಸ್ ಮುಂದೆ ಮಯಾಮಿ ತಂಡದಲ್ಲಿ 2002ರಲ್ಲಿ 1,853 ಗಜ ಓಡಿ ಲೀಗಿಗೇ ಮೊದಲಿಗನಾದ. 2004ರಲ್ಲಿ ಹಠಾತ್ತನೆ ಆಟ ಬಿಟ್ಟು ಹೋದ, ಮರುವರ್ಷ ಮರಳಿದ. ತಾನು ಜನರೆದುರು ಬರಲು ಭಯಪಡುವ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದುದನ್ನು ಅವನೇ ಬಹಿರಂಗವಾಗಿ ಹೇಳಿಕೊಂಡ. ಅವನು ಕೆಟ್ಟ ಆಟಗಾರನಲ್ಲ. ಆದರೆ ಅದೇ ಡ್ರಾಫ್ಟಿನ ರನ್ನಿಂಗ್ ಬ್ಯಾಕ್‌ಗಳಲ್ಲಿ ಹಾಲ್ ಆಫ್ ಫೇಮ್ ಗೌರವ ಸಂದದ್ದು ನಾಲ್ಕನೆಯ ಸರದಿಯ ಎಡ್ಜರಿನ್ ಜೇಮ್ಸ್‌ಗೆ. ಫಿಲಡೆಲ್ಫಿಯಾದ ಬಸ್ಸು ಅವನಿಗಾಗಿ ಹೊರಟಿರಲಿಲ್ಲ.

ಮೆಕ್‌ನ್ಯಾಬ್ 1999ರ ಋತುವಿನ ನಡುವೆ ಹಿರಿಯ ಕ್ವಾರ್ಟರ್‌ಬ್ಯಾಕ್ ಡಗ್ ಪೀಡರ್ಸನ್ ಜಾಗಕ್ಕೆ ಬಂದ. 2001ರಿಂದ 2004ರವರೆಗೆ ಸತತ ನಾಲ್ಕು ಋತುಗಳಲ್ಲಿ ತಂಡವನ್ನು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದ ಹಿಂದಿನ ಮೆಟ್ಟಿಲಿಗೆ ಒಯ್ದ. ಮೂರು ಸಲ ಅಲ್ಲೇ ಸೋಲಾಯಿತು. ನಾಲ್ಕನೆಯ ಸಲ ಗೆದ್ದು, 2005ರ ಫೆಬ್ರವರಿಯ ಅಂತಿಮ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ವಿರುದ್ಧ 24-21ರಿಂದ ಸೋತರು. ಈ ಮೂರು ಅಂಕಗಳ ಅಂತರದಿಂದ ಊರಿನ ವಾದ ಮುಗಿಯದೆ ಉಳಿಯಿತು.

2003ರಲ್ಲಿ ಇನ್ನೊಂದು ಬಗೆಯ ಮಾತೂ ಬಂತು. ಕರಿಯ ಕ್ವಾರ್ಟರ್‌ಬ್ಯಾಕ್ ಗೆಲ್ಲಲಿ ಎಂಬ ಆಸೆಯಿಂದ ಮಾಧ್ಯಮಗಳು ಮೆಕ್‌ನ್ಯಾಬ್‌ನನ್ನು ಅತಿಯಾಗಿ ಹೊಗಳುತ್ತಿವೆ ಎಂದು ರಷ್ ಲಿಂಬಾ ಎಂಬ ಬಲಪಂಥೀಯ ರೇಡಿಯೊ ಮಾತುಗಾರ ಟಿವಿಯಲ್ಲಿ ಹೇಳಿದ. ಕೆಲವೇ ದಿನಗಳಲ್ಲಿ ಆ ಕಾರ್ಯಕ್ರಮಕ್ಕೆ ರಾಜೀನಾಮೆ ಕೊಡಬೇಕಾಯಿತು. ಇದನ್ನು 1999ರ ಧಿಕ್ಕಾರದೊಡನೆ ಬೆರೆಸಬಾರದು. ಅಂದು ಅಭಿಮಾನಿಗಳು ಬಯಸಿದ್ದ ವಿಲಿಯಮ್ಸ್ ಕೂಡ ಕರಿಯನೇ. ಅವರದು ಆಟದ ಜಗಳ, ಲಿಂಬಾನದು ಬಣ್ಣದ ಜಗಳ.

2010ರ ಏಪ್ರಿಲ್ ಮೊದಲ ವಾರ ಆಡಳಿತ ಮೆಕ್‌ನ್ಯಾಬ್‌ನನ್ನು ವಾಷಿಂಗ್ಟನ್‌ಗೆ ದಾಟಿಸಿತು. ಅದೇ ತಿಂಗಳ ಡ್ರಾಫ್ಟಿನಲ್ಲಿ ಬ್ರ್ಯಾಂಡನ್ ಗ್ರಹಾಂ ಎಂಬ ರಕ್ಷಣಾ ಆಟಗಾರನನ್ನು ಆರಿಸಿತು. ಅಭಿಮಾನಿಗಳಿಗೆ ಬೇಕಿದ್ದದ್ದು ಅರ್ಲ್ ಥಾಮಸ್. ಮರು ಸರದಿಯಲ್ಲೇ ಅವನನ್ನು ಪಡೆದ ಸಿಯಾಟಲ್ 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಇತ್ತ ಗ್ರಹಾಂ ಮೊದಲ ವರ್ಷವೇ ಗಾಯಗೊಂಡ. ಊರು ವರ್ಷಗಟ್ಟಲೆ ಅವನನ್ನು ದಂಡದ ಲೆಕ್ಕದಲ್ಲಿ ಬರೆದಿಟ್ಟಿತು.

2018ರ ಫೆಬ್ರವರಿ 4ರಂದು ಈಗಲ್ಸ್ ಮತ್ತೆ ನ್ಯೂ ಇಂಗ್ಲೆಂಡ್ ಎದುರು ಸೂಪರ್ ಬೌಲಿನಲ್ಲಿತ್ತು. 38-33ರ ಮುನ್ನಡೆ, ಉಳಿದದ್ದು ಎರಡು ನಿಮಿಷ ಚಿಲ್ಲರೆ, ಚೆಂಡು ಟಾಮ್ ಬ್ರೇಡಿಯ ಕೈಯಲ್ಲಿ. ಆ ಕೈಯಿಂದ ಚೆಂಡನ್ನು ಹೊಡೆದು ಬೀಳಿಸಿದವನು ಗ್ರಹಾಂ. ಅದನ್ನು ಹಿಡಿದವನು, ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲೇ ನಡೆದ ಡ್ರಾಫ್ಟಿನಲ್ಲಿ ಬಂದ ಡೆರೆಕ್ ಬಾರ್ನೆಟ್. ಪಂದ್ಯ 41-33ಕ್ಕೆ ಮುಗಿದು ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ದಕ್ಕಿತು. ಮುಖ್ಯ ತರಬೇತುದಾರನಾಗಿ ಗೆರೆಯಾಚೆ ನಿಂತಿದ್ದವನು ಡಗ್ ಪೀಡರ್ಸನ್, 1999ರಲ್ಲಿ ಮೆಕ್‌ನ್ಯಾಬ್‌ಗೆ ಜಾಗ ಬಿಟ್ಟುಕೊಟ್ಟ ಅದೇ ಆಟಗಾರ.